ಅಲ್ತುಸ್: ಎತ್ತರವೋ, ಆಳವೋ?

ನಿಮ್ಮ ಪ್ರಶ್ನೆ ಇಷ್ಟು: ಲ್ಯಾಟಿನ್ ನಿಘಂಟಿನಲ್ಲಿ ‘ಅಲ್ತುಸ್’ ಅನ್ನೋ ಗುಣವಾಚಕಕ್ಕೆ ‘ಎತ್ತರದ’ ಅಂತಲೂ ಇದೆ, ‘ಆಳದ’ ಅಂತಲೂ ಇದೆ. ಎರಡೂ ಉಲ್ಟಾ ಅರ್ಥ ಅಲ್ವಾ, ಯಾವುದನ್ನು ತೆಗೆದುಕೊಳ್ಳೋದು? ಲ್ಯಾಟಿನ್ ಶುರುಮಾಡಿದ ವರ್ಷ ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ. ಈಗ ಇದು ನನಗೆ ತುಂಬಾ ಇಷ್ಟವಾದ ಪದ. ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನಾವು ‘ಆಳುದ್ದ’ ಅಂತೀವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಆಳುದ್ದದ ಗೋಡೆ ಅಂದರೆ ಮೇಲಕ್ಕೆ, ಆಳುದ್ದದ ಗುಂಡಿ ಅಂದರೆ ಕೆಳಕ್ಕೆ. ಅಳತೆ ಮಾತ್ರ ಒಂದೇ, ಒಬ್ಬ ಮನುಷ್ಯ ನಿಂತಷ್ಟು. ಮೇಲೋ ಕೆಳಗೋ ಅನ್ನೋದನ್ನು ಮುಂದಿನ ಪದವೇ ಹೇಳಿಬಿಡುತ್ತದೆ. ಅಲ್ತುಸ್ ನಡೆದುಕೊಳ್ಳೋದೂ ಹೀಗೇ. ರೋಮನ್ನರಿಗೆ ಅದು ತುದಿಯಿಂದ ಬುಡಕ್ಕೆ ಇರುವ ದೂರ. ನೀವು ಬುಡದಲ್ಲಿ ನಿಂತು ನೋಡಿದರೆ ಎತ್ತರ, ತುದಿಯಲ್ಲಿ ನಿಂತು ಬಗ್ಗಿದರೆ ಆಳ.

ಪದದ ಮೂಲ ನೋಡಿದರೆ ಇದು ಇನ್ನೂ ಸಲೀಸು. ‘ಅಲೆರೆ’ ಅಂದರೆ ಉಣಿಸು, ಸಾಕು, ಬೆಳೆಸು. ಅದರಿಂದ ಹುಟ್ಟಿದ ಅಲ್ತುಸ್‌ಗೆ ಮೊದಲ ಅರ್ಥ ‘ಬೆಳೆದ’ ಅಂತ. ಹಳೇ ವಿದ್ಯಾರ್ಥಿಗೆ ನಾವು ಬಳಸುವ ‘ಅಲುಮ್ನಿ’ಯೂ ಇದೇ ಅಲೆರೆಯ ಮನೆತನದ್ದು, ಸಾಕಿಸಿಕೊಂಡವರು ಅಂತ ಅರ್ಥ. ಮರ ಮೇಲಕ್ಕೂ ಬೆಳೆಯುತ್ತದೆ, ಬೇರು ಕೆಳಕ್ಕೂ ಬೆಳೆಯುತ್ತದೆ. ನನಗೆ ಈ ಚಿತ್ರ ಸಿಕ್ಕಿದ ದಿನ ಗೊಂದಲ ಹೋಯಿತು.

ಬಳಕೆ ಹೇಗಿದೆ ಅಂತ ನೋಡಬೇಕಾದರೆ ರೋಮನ್ ಕವಿ ವರ್ಜಿಲ್‌ನ ‘ಈನೀಡ್’ ಮಹಾಕಾವ್ಯದ ಮೊದಲ ಪುಟವೇ ಸಾಕು. ಮೂರನೇ ಸಾಲಿನಲ್ಲಿ ನಾಯಕ ಈನಿಯಾಸ್ ನೆಲದ ಮೇಲೂ ‘ಅಲ್ತೋ’ ಮೇಲೂ ಅಲೆದು ನೊಂದವನು. ಅಲ್ತೋ ಅಂದರೆ ಅಲ್ತುಸ್‌ನದೇ ಇನ್ನೊಂದು ರೂಪ. ಇಲ್ಲಿ ಪದ ಒಂಟಿಯಾಗಿ ನಿಂತಿದೆ, ಅರ್ಥ ನಡುಗಡಲು. ಬರೀ ನಾಲ್ಕು ಸಾಲು ಕೆಳಗೆ, ಏಳನೆಯದರಲ್ಲಿ ‘ಅಲ್ತಾಯ್ ಮೋಯ್ನಿಯಾ ರೋಮಾಯ್’ ಬರುತ್ತದೆ. ಇದನ್ನು ಸುಮ್ನೆ ‘ರೋಮಿನ ಎತ್ತರದ ಗೋಡೆಗಳು’ ಅಂತ ಓದಿಬಿಡುತ್ತೇವೆ. ಆದರೆ ಪದಗಳ ಕೊನೆ ಗಮನಿಸಿ, ಲ್ಯಾಟಿನ್‌ನಲ್ಲಿ ಗುಣವಾಚಕ ಯಾವ ಪದಕ್ಕೆ ಸೇರಿದ್ದು ಅಂತ ಅದೇ ಹೇಳುತ್ತದೆ. ಅಲ್ತಾಯ್ ಹೊಂದುವುದು ರೋಮಾಯ್ ಜೊತೆಗೆ, ಗೋಡೆಗಳ, ಅಂದರೆ ಮೋಯ್ನಿಯಾ ಜೊತೆಗಲ್ಲ. ಎತ್ತರವಾಗಿರೋದು ರೋಮ್ ಪಟ್ಟಣವೇ. ಹೀಗೆ ಕೊನೆಯ ಅಕ್ಷರ ನೋಡೋ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ನನ್ನ ಮನಸ್ಸಿಗೆ ನಾಟಿರೋದು ಈನೀಡ್‌ನ ಇದೇ ಮೊದಲ ಭಾಗದ 209ನೇ ಸಾಲು. ಬಿರುಗಾಳಿಗೆ ಹಡಗುಗಳು ಚೆದುರಿವೆ. ಈನಿಯಾಸ್ ತನ್ನವರಿಗೆ ಧೈರ್ಯ ಹೇಳುತ್ತಾನೆ, ಮುಖದಲ್ಲಿ ಭರವಸೆ ತೋರಿಸುತ್ತಾನೆ. ಆಮೇಲೆ ಕವಿ ಹೇಳುತ್ತಾನೆ: ‘ಪ್ರೆಮಿತ್ ಅಲ್ತುಮ್ ಕೊರ್ದೆ ದೊಲೋರೆಮ್’. ಆಳವಾದ ದುಃಖವನ್ನು ಎದೆಯೊಳಗೇ ಅದುಮಿಟ್ಟುಕೊಂಡ. ಅಲೆದ ಕಡಲಿಗೂ, ಮುಂದೆ ಏಳಲಿರುವ ಪಟ್ಟಣಕ್ಕೂ, ಎದೆಯೊಳಗಿನ ನೋವಿಗೂ ಒಂದೇ ಪದ. ನಾನು ಕನ್ನಡದಲ್ಲಿ ಎಷ್ಟು ಹುಡುಕಿದರೂ ಮೂರಕ್ಕೂ ಹೊಂದುವ ಒಂದು ಪದ ಸಿಗಲಿಲ್ಲ.

ಉಳಿದದ್ದು ಸುಲಭ. ಬೆಟ್ಟ, ಮರ, ಗೋಪುರದ ಜೊತೆ ಬಂದರೆ ಎತ್ತರ. ನದಿ, ಗಾಯದ ಜೊತೆ ಬಂದರೆ ಆಳ. ನಿದ್ದೆಯ ಜೊತೆ ಗಾಢ. ದನಿಯ ಜೊತೆ ಬಂದರೆ ಗಟ್ಟಿಯಾದ ದನಿ. ನೀವೇ ಲ್ಯಾಟಿನ್‌ನಲ್ಲಿ ಬರೆಯುವಾಗ ಅನುಮಾನಕ್ಕೆ ಎಡೆ ಬೇಡ ಅನ್ನಿಸಿದರೆ ಆಳಕ್ಕೆ ‘ಪ್ರೊಫುಂದುಸ್’, ಎತ್ತರಕ್ಕೆ ‘ಎಕ್ಸೆಲ್ಸುಸ್’ ಬಳಸಿ. ಒಲಿಂಪಿಕ್ಸ್ ಘೋಷಣೆಯಲ್ಲಿರೋ ‘ಅಲ್ತಿಯುಸ್’ ಇದೇ ಪದದಿಂದ ಬಂದದ್ದು, ‘ಇನ್ನೂ ಎತ್ತರಕ್ಕೆ’ ಅಂತ. ಅಲ್ಲಿ ಹೈಜಂಪ್ ನೆನಪಾಗುತ್ತದೆ, ಹಾಗಾಗಿ ಯಾರಿಗೂ ಆಳ ಹೊಳೆಯುವುದಿಲ್ಲ.

ಇಟಾಲಿಯನ್ ಭಾಷೆಯಲ್ಲಿ ‘ಆಲ್ತೊ’ ಅಂದರೆ ಈಗ ಮುಖ್ಯವಾಗಿ ಎತ್ತರವೇ. ಆದರೂ ನಡುಗಡಲಿಗೆ ಇವತ್ತಿಗೂ ‘ಆಲ್ತೊ ಮಾರೆ’ ಅನ್ನುತ್ತಾರೆ. ವೆನಿಸ್‌ನ ರಿಯಾಲ್ತೊ ಸೇತುವೆ ಕೇಳಿರುತ್ತೀರಿ. ಆ ಜಾಗದ ಹೆಸರಲ್ಲೂ ಇದೇ ಅಲ್ತುಸ್ ಕೂತಿದೆ. ‘ಎತ್ತರದ ದಂಡೆ’ ಅಂತ ಕೆಲವರು ಬಿಡಿಸುತ್ತಾರೆ, ‘ಆಳದ ಕಾಲುವೆ’ ಅಂತ ಇನ್ನು ಕೆಲವರು.