ಮೂರೂ 300, ಯಾವುದನ್ನು ತಗೊಳ್ಳಲಿ?

ಪ್ರಶ್ನೆ: ನಾನು ಹಾಸನದವನು, ಈಗ ಮೆಲ್ಬರ್ನ್‌ನಲ್ಲಿದ್ದೇನೆ. ಊರಲ್ಲಿ ಅಪ್ಪನ ಆರ್‌ಎಕ್ಸ್ 100 ಓಡಿಸುತ್ತಿದ್ದೆ. ಇಲ್ಲಿ ಡಾರ್ಗೋ, ಹೋಥಮ್ ಬೆಟ್ಟದ ಕಡೆಯ ಕಾಡುದಾರಿಗಳಿಗೆ ಆಸ್ಟ್ರಿಯಾದ ಟೂ-ಸ್ಟ್ರೋಕ್ ಬೈಕ್ ಕೆಟಿಎಂ 300 ಇಎಕ್ಸ್‌ಸಿ ಕೊಳ್ಳಬೇಕೆಂದಿದ್ದೇನೆ. ಸೆಕೆಂಡ್ ಹ್ಯಾಂಡ್ ಮೂರು ಸಿಕ್ಕಿವೆ: 2017ರ ಕಾರ್ಬುರೇಟರ್ ಗಾಡಿ, 2021ರ ಟಿಪಿಐ, 2024ರ ಟಿಬಿಐ (ಈ ಎರಡೂ ಇಂಜೆಕ್ಟರ್ ಗಾಡಿಗಳು). ಎಲ್ಲಾ ಒಂದೇ ಎಂಜಿನ್ ಅಲ್ವಾ?

ಉತ್ತರ: ಅಳತೆ ಒಂದೇ. ಬೋರ್ (ಸಿಲಿಂಡರಿನ ಅಗಲ) 72 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಟ) 72 ಮಿಮೀ, 293 ಸಿಸಿ. ಆದರೆ ಪೆಟ್ರೋಲ್ ಒಳಗೆ ಹೋಗುವ ದಾರಿ ಮೂರರಲ್ಲೂ ಬೇರೆ. ನೀವು ಹೋಗುವ ಜಾಗಕ್ಕೆ ನನ್ನ ಓಟು 2021ರದ್ದಕ್ಕೆ.

2017ರದ್ದು ಒಳ್ಳೆಯ ಗಾಡಿಯೇ. ಆ ವರ್ಷ ಬ್ಯಾಲೆನ್ಸರ್ ಶಾಫ್ಟ್ ಇರುವ ಹೊಸ ಎಂಜಿನ್ ಬಂತು, ಕೈ ಜುಮ್ಮೆನ್ನುವುದು ಎಷ್ಟೋ ಕಡಿಮೆಯಾಯಿತು. 38 ಮಿಮೀ ಮಿಕುನಿ ಕಾರ್ಬುರೇಟರ್. ಆಯಿಲನ್ನು ನೀವೇ ಬೆರೆಸಬೇಕು, 60ಕ್ಕೆ 1, ಅಂದರೆ 5 ಲೀಟರಿಗೆ ಸುಮಾರು 83 ಮಿಲೀ. ತೊಂದರೆ ಎಲ್ಲಿ ಅಂದರೆ, ಡಾರ್ಗೋ ಕಣಿವೆಯಲ್ಲಿದೆ, ಹೋಥಮ್ ನೆತ್ತಿ 1,861 ಮೀಟರ್. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಪಾಲು ಜಾಸ್ತಿಯಾಗುತ್ತದೆ. ಹೊಗೆ, ಒದ್ದೆ ಪ್ಲಗ್, ಮಂದ ಎಳೆತ. ನಾನು ಮೈಸೂರಿನಲ್ಲಿ ಯೆಜ್ಡಿ ಕಾರ್ಬುರೇಟರ್ ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತವನು, ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸೋದು ನನಗೆ ಬಲು ಇಷ್ಟ. ಆದರೆ ಚಳಿಗೆ ಬೆರಳು ಮರಗಟ್ಟಿರುವಾಗ ಹಿತ್ತಾಳೆಯ ಪುಟ್ಟ ಜೆಟ್ ಕೆಸರಿಗೆ ಬಿದ್ದರೆ ಹುಡುಕೋದು ಬಹಳ ಕಷ್ಟ.

ಟಿಪಿಐಯಲ್ಲಿ ಆ ಗೋಳಿಲ್ಲ. ಸಿಲಿಂಡರಿನ ಹಿಂಬದಿಯ ಟ್ರಾನ್ಸ್‌ಫರ್ ಪೋರ್ಟ್‌ಗಳಿಗೆ (ಕ್ರ್ಯಾಂಕ್‌ಕೇಸಿನಿಂದ ಗಾಳಿ ಮೇಲೇರುವ ದಾರಿಗಳಿಗೆ) ಎರಡು ಇಂಜೆಕ್ಟರ್ ನೇರವಾಗಿ ಪೆಟ್ರೋಲ್ ಚಿಮ್ಮಿಸುತ್ತವೆ. ಎತ್ತರಕ್ಕೆ ತಕ್ಕ ಹಾಗೆ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ತಾನೇ ಲೆಕ್ಕ ಹಾಕುತ್ತದೆ. ನಿಮ್ಮ ಅಪ್ಪನ ಆರ್‌ಎಕ್ಸ್‌ನಲ್ಲಿದ್ದ ಹಾಗೆ ಆಯಿಲಿಗೆ ಬೇರೆ ಟ್ಯಾಂಕು, ಪಂಪು. ಇದು ಬಂದ 2018ರಲ್ಲಿ ಅನುಮಾನಪಟ್ಟವರು ಬಹಳ. ಅದೇ ವರ್ಷ ಆಸ್ಟ್ರಿಯಾದ ಎರ್ಜ್‌ಬರ್ಗ್ ಗಣಿಬೆಟ್ಟದ ರೇಸನ್ನು ಗ್ರಹಾಂ ಜಾರ್ವಿಸ್ ಗೆದ್ದಿದ್ದು ಇದೇ ವ್ಯವಸ್ಥೆಯ, ಕೆಟಿಎಂನದೇ ಇನ್ನೊಂದು ಬ್ರ್ಯಾಂಡ್ ಆದ ಹಸ್ಕ್‌ವರ್ನಾದಲ್ಲಿ.

ಒಂದು ವಿಷಯ ಮನಸ್ಸಿನಲ್ಲಿಡಿ. ಟಿಪಿಐಯಲ್ಲಿ ಪೆಟ್ರೋಲ್ ಕ್ರ್ಯಾಂಕ್ ಕಡೆ ಹಾಯುವುದಿಲ್ಲ. ಕ್ರ್ಯಾಂಕಿಗೆ ಜೀವ ಅಂದರೆ ಆ ಪಂಪಿನ ಆಯಿಲ್ ಮಾತ್ರ. ಹಾಗಾಗಿ ಹ್ಯಾಂಡಲ್ ಹಿಂದೆ, ಫ್ರೇಮ್ ಮೇಲಿರುವ ಆಯಿಲ್ ಮುಚ್ಚಳ ತೆಗೆದು ನೋಡಿ. ಸುತ್ತ ಮಣ್ಣು ಮೆತ್ತಿಕೊಂಡಿದ್ದರೆ, ಆಯಿಲ್ ಹಾಕುವಾಗ ಒರೆಸುವ ಅಭ್ಯಾಸ ಆ ಮಾಲೀಕರಿಗೆ ಇಲ್ಲ ಎಂದರ್ಥ. ಅಂಥ ಗಾಡಿ ಬೇಡವೇ ಬೇಡ. ಪೆಟ್ರೋಲ್ ಪೈಪಿನ ಕನೆಕ್ಟರ್ ಒಳಗಿನ ಸಣ್ಣ ಫಿಲ್ಟರ್ ಯಾವಾಗ ಬದಲಿಸಿದರು ಅಂತಲೂ ಕೇಳಿ. ಉತ್ತರ ತಡವರಿಸಿದರೆ ಬೆಲೆ ಇಳಿಸಿ.

2024ರ ಟಿಬಿಐಯಲ್ಲಿ ಇಂಜೆಕ್ಟರುಗಳು ಗಾಳಿ ಒಳಬರುವ 39 ಮಿಮೀ ಥ್ರಾಟಲ್ ಬಾಡಿಯೊಳಗೆ ಬಂದಿವೆ. ಪೆಟ್ರೋಲ್ ಮತ್ತೆ ಹಳೇ ದಾರಿಯಲ್ಲೇ ಕ್ರ್ಯಾಂಕ್‌ಕೇಸ್ ಮೂಲಕ ಹೋಗುತ್ತದೆ. ಹೊಗೆ ಹೊರಹೋಗುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಪವರ್ ವಾಲ್ವ್ ಕೂಡ ಎಲೆಕ್ಟ್ರಾನಿಕ್, ಫ್ರೇಮ್ ಹೊಸದು. ಮೂರರಲ್ಲೂ ನುಣುಪಾದ ಎಂಜಿನ್ ಇದೇ. ಆದರೆ ಕಿಕ್ಕರ್ ಹಾಕಿಸಲು ಜಾಗವೇ ಇಲ್ಲ, ಕಾಡಲ್ಲಿ ಬ್ಯಾಟರಿ ಕೈಕೊಟ್ಟರೆ ತಳ್ಳಬೇಕು. ಕಿಸೆ ತಡೆಯುತ್ತದೆ ಅಂದರೆ ಇದನ್ನೇ ತಗೊಳ್ಳಿ, ನಾನು ಬೇಡ ಅನ್ನೋಲ್ಲ.

ಯಾವುದನ್ನೇ ನೋಡಿ, ಕಿಲೋಮೀಟರ್ ಕೇಳಬೇಡಿ. ಇಂಥ ಗಾಡಿಗಳ ವಯಸ್ಸನ್ನು ಗಂಟೆ ಲೆಕ್ಕದಲ್ಲಿ ಅಳೆಯುತ್ತಾರೆ. ಮೀಟರಿನಲ್ಲಿ ಎಷ್ಟು ಗಂಟೆ ಇದೆ, ಪಿಸ್ಟನ್ ಎಷ್ಟನೇ ಗಂಟೆಗೆ ಬದಲಾಗಿದೆ, ಬಿಲ್ ಇದೆಯಾ, ಅಷ್ಟು ಕೇಳಿ ಆಮೇಲೆ ದರ ಮಾತಾಡಿ.