ನಮ್ಮದೇ ತಂಡದ ಮೇಲೆ ಡಿಬಿಎ ಸಂಶೋಧನೆ: ಪ್ರತಿಕ್ರಿಯೆ

ಮ್ಯಾನೇಜರ್ ಆಗಿದ್ದುಕೊಂಡೇ ಡಿಬಿಎ (ವ್ಯವಹಾರ ಆಡಳಿತದಲ್ಲಿ ಡಾಕ್ಟರೇಟ್) ಮಾಡುತ್ತ, ನಿಮ್ಮದೇ ತಂಡದಲ್ಲಿ ಜನ ಯಾಕೆ ಕೆಲಸ ಬಿಡುತ್ತಾರೆ ಅಂತ ಅಧ್ಯಯನ ಮಾಡಬಹುದೇ ಎಂದು ಕೇಳಿದ್ದೀರಿ. ಮ್ಯಾನೇಜರ್ ಆಗಿದ್ದುಕೊಂಡೇ ಸಂಶೋಧನೆಯನ್ನು ಖಂಡಿತ ಮಾಡಬಹುದು. ನ್ಯೂಜೆರ್ಸಿ ಬೆಲ್ ಟೆಲಿಫೋನ್ ಕಂಪನಿಯ ಅಧ್ಯಕ್ಷರಾಗಿದ್ದಾಗಲೇ ಚೆಸ್ಟರ್ ಬರ್ನಾರ್ಡ್ 1938ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಮ್ಯಾನೇಜ್‌ಮೆಂಟ್ ವಿದ್ವಾಂಸರು ಇಂದಿಗೂ ಓದುತ್ತಾರೆ.

ತೊಡಕಿರುವುದು ಬೇರೆ ಕಡೆ. ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ನಿಮ್ಮ ಕೈಯಲ್ಲಿರುವಾಗ ಕೈಕೆಳಗಿನವರು ನಿಮ್ಮೆದುರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ; ಅವರು ಕೊಡುವ ಒಪ್ಪಿಗೆಯೂ ಪೂರ್ತಿ ಸ್ವಂತದ್ದಲ್ಲ. ಹೊರಗಿನವರಿಂದ ಸಂದರ್ಶನ ಮಾಡಿಸಿ ಹೆಸರು ತೆಗೆಸಿದರೂ, ಚಿಕ್ಕ ತಂಡದಲ್ಲಿ ಯಾರ ಮಾತು ಯಾವುದೆಂದು ನಿಮಗೆ ಗೊತ್ತಾಗಿಬಿಡುತ್ತೆ. ದಯವಿಟ್ಟು ನಿಮ್ಮ ಅಧಿಕಾರಕ್ಕೆ ಒಳಪಡದ ಬೇರೆ ವಿಭಾಗವನ್ನು ಆರಿಸಿಕೊಳ್ಳಿ. ಒಳಗಿನವರಾಗಿ ನಿಮಗಿರುವ ತಿಳಿವಳಿಕೆ ಅಲ್ಲೂ ಉಪಯೋಗಕ್ಕೆ ಬರುತ್ತೆ.

ಇನ್ನೊಂದು ವಿಷಯ. "ಸಂಬಳ ಸಾಲದೆ ಹೋಗುತ್ತಾರೆ" ಅನ್ನುವಂಥ ನಿಮ್ಮ ಊಹೆಗಳನ್ನು ಡೇಟಾ ಮುಟ್ಟುವ ಮೊದಲೇ ದಿನಾಂಕ ಹಾಕಿ ಬರೆದಿಡಿ. ಮ್ಯಾನೇಜ್‌ಮೆಂಟ್ ಸಂಶೋಧಕಿ ಸಾರಾ ರೈನ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅನುಭವಿ ಎಚ್‌ಆರ್ ವೃತ್ತಿಪರರ ನಂಬಿಕೆಗೂ ಸಂಶೋಧನೆ ಹೇಳುವುದಕ್ಕೂ ಗಣನೀಯ ಅಂತರ ಕಂಡಿತ್ತು, ಅದರಲ್ಲೂ ನೇಮಕಾತಿಯ ವಿಷಯದಲ್ಲಿ. ಅನುಭವ ಪ್ರಶ್ನೆ ಹುಟ್ಟಿಸಲಿ, ಉತ್ತರವನ್ನು ಮೊದಲೇ ಬರೆದುಬಿಡದಿರಲಿ.

ಗೈಡ್ ಹುಡುಕುವಾಗ, ಕೆಲಸದಲ್ಲಿರುವವರಿಗೆ ಮಾರ್ಗದರ್ಶನ ಮಾಡಿದ ಅನುಭವ ಇದೆಯೇ ಅಂತ ನೇರವಾಗಿ ಕೇಳಿ. ಕಂಪನಿಯಿಂದ ಲಿಖಿತ ಅನುಮತಿಯನ್ನೂ ಈಗಲೇ ಪಡೆದುಕೊಳ್ಳಿ.