ಬೆಳೆದ ಊರಿನ ಮೇಲೆ ದಾಳಿ

ಮಾಲೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅಡ್ಮಿರಲ್ ಎಸ್. ಎಂ. ನಂದಾ ಬಗ್ಗೆ ಬರೆದಿದ್ದೀರಿ, ಸಂತೋಷ. ಆದರೆ ಆಡಿ ಬೆಳೆದ ಕರಾಚಿಯ ಮೇಲೇ ದಾಳಿ ಮಾಡಿಸೋಕೆ ಆ ಮನುಷ್ಯನಿಗೆ ಮನಸ್ಸಾದರೂ ಹೇಗೆ ಬಂತು? ಅದಿರಲಿ, ಸಮುದ್ರವೇ ಇಲ್ಲದ ಕೋಲಾರದವರಿಗೆ ಇದೆಲ್ಲ ಯಾಕೆ?"

ಮೇಷ್ಟ್ರೇ, ನಮಸ್ಕಾರ. 1971ರ ಪಾಕಿಸ್ತಾನದ ಯುದ್ಧದಲ್ಲಿ ನಮ್ಮ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ನಂದಾ. ನಿಮ್ಮ ಮೊದಲ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು.

ನಿಮ್ಮೂರ ಕೆರೆಯನ್ನೇ ತಗೊಳ್ಳಿ. ತೂಬು ಎಲ್ಲಿದೆ, ಹೂಳು ಎಲ್ಲಿ ಕಾಲು ಹಿಡಿಯುತ್ತೆ, ಗುಂಡಿ ಎಲ್ಲಿದೆ ಅನ್ನೋದು ಅಲ್ಲಿ ಈಜಿದ ಹುಡುಗನಿಗೆ ಗೊತ್ತಿರುತ್ತೆ, ಅಲ್ವಾ? ನಂದಾ ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲೇ ಇರುವ ಮನೋರಾದಲ್ಲಿ. ಹರೆಯದಲ್ಲಿ ಅದೇ ಬಂದರಿನಲ್ಲಿ ಕೆಲಸ ಮಾಡಿದರು. ಹಡಗು ಯಾವ ದಾರಿಯಲ್ಲಿ ಬರುತ್ತೆ, ಬಂದರಿನ ಕೆಮಾರಿ ಭಾಗದಲ್ಲಿರುವ ಎಣ್ಣೆ ಟ್ಯಾಂಕುಗಳು ಎಷ್ಟು ಮುಖ್ಯ ಅನ್ನೋದನ್ನು ಅವರು ನಕ್ಷೆ ನೋಡಿ ಕಲಿತವರಲ್ಲ.

1965ರ ಯುದ್ಧದಲ್ಲಿ ನಮ್ಮ ನೌಕಾಪಡೆಗೆ ಪೋರಬಂದರಿನಿಂದ ಉತ್ತರಕ್ಕೆ ಹೋಗಬೇಡಿ ಅಂತ ಆದೇಶವಿತ್ತು. ಪಾಕಿಸ್ತಾನದ ಹಡಗುಗಳು ಬಂದು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದವು. ಆ ನೋವು ನೌಕಾಪಡೆಯಲ್ಲಿ ಹಾಗೇ ಉಳಿದಿತ್ತು. 1970ರಲ್ಲಿ ಮುಖ್ಯಸ್ಥರಾದ ನಂದಾ, ಮುಂದಿನ ವರ್ಷ ಯುದ್ಧ ಹತ್ತಿರವಾದಾಗ ಸುಮ್ನೆ ಹಡಗು ಬಿಡಲಿಲ್ಲ. ಮೊದಲು ಇಂದಿರಾ ಗಾಂಧಿಯವರ ಹತ್ತಿರ ಹೋಗಿ, ಕರಾಚಿ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯವಾಗಿ ಅಡ್ಡಿ ಇದೆಯಾ ಅಂತ ಕೇಳಿದರು. ಯುದ್ಧ ಅಂದಮೇಲೆ ಯುದ್ಧವೇ ಅನ್ನೋ ಅರ್ಥದ ಉತ್ತರ ಬಂತು.

ಆಮೇಲಿನದು ನಿಜಕ್ಕೂ ಜಾಣತನದ ಕೆಲಸ. ಸೋವಿಯತ್ ಒಕ್ಕೂಟದಿಂದ ಬಂದ ಕ್ಷಿಪಣಿ ದೋಣಿಗಳು ದಡ ಕಾಯೋಕೆ ಅಂತ ಮಾಡಿದ್ದವು, ಜಾಸ್ತಿ ದೂರ ಹೋಗುವಂಥವಲ್ಲ. ಅವನ್ನೇ ದೊಡ್ಡ ಹಡಗುಗಳ ಜೊತೆ ಕರಾಚಿಯ ಕಡೆ ಕಳಿಸಿದರು. ಡಿಸೆಂಬರ್ 4ರ ರಾತ್ರಿ ನಿಪತ್, ನಿರ್ಘಾತ್, ವೀರ್ ಅನ್ನೋ ಮೂರು ದೋಣಿಗಳು ದಾಳಿ ಮಾಡಿದವು. 8ರ ರಾತ್ರಿ ವಿನಾಶ್ ಅನ್ನೋ ದೋಣಿ ಹೋಗಿ ದಾಳಿ ಮಾಡಿತು, ಕೆಮಾರಿಯ ಟ್ಯಾಂಕುಗಳು ಹೊತ್ತಿ ಉರಿದವು.

ಹಾಗಂತ ಇದನ್ನು ಬರೀ ಗೆಲುವು ಅಂತ ಬರೆಯೋಕೆ ನನಗೆ ಮನಸ್ಸು ಒಪ್ಪಲ್ಲ. ನಿರ್ಘಾತ್ ಮುಳುಗಿಸಿದ ಪಾಕಿಸ್ತಾನದ ಖೈಬರ್ ಹಡಗಿನಲ್ಲಿ 222 ನಾವಿಕರು ಸತ್ತರು. ಡಿಸೆಂಬರ್ 9ರಂದು ನಮ್ಮ ಖುಕ್ರಿ ಅನ್ನೋ ಯುದ್ಧನೌಕೆ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಬೆಳೆದ ಊರು ಅನ್ನೋ ಕರುಳಿನ ನಂಟು ನಂದಾ ಅವರಿಗೆ ಇರಲಿಲ್ಲ ಅಂತ ನಾನು ನಂಬಲ್ಲ. ಆದರೆ ಈ ಕೆಲಸಕ್ಕೆ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದವರು ಅವರೇ, ಹಾಗಿರುವಾಗ ಹಿಂದೆ ಸರಿದಿದ್ದರೆ ಆ ದೋಣಿಗಳಲ್ಲಿ ಹೋದ ಹುಡುಗರಿಗೆ ಮೋಸವಾಗುತ್ತಿತ್ತು.

ಇನ್ನು ಕೋಲಾರದ ಮಾತು. ಬ್ರಿಟನ್ನಿನಿಂದ ಕೊಂಡ ನೈಜೀರಿಯಾ ಅನ್ನೋ ಯುದ್ಧನೌಕೆ 1957ರಲ್ಲಿ ನಮ್ಮ ಪಡೆ ಸೇರಿದಾಗ ಅದಕ್ಕೆ ಇಟ್ಟ ಹೆಸರು ಮೈಸೂರು. ಅದರ ಮೊದಲ ಕ್ಯಾಪ್ಟನ್ ಇದೇ ನಂದಾ. ಹಡಗಿನ ಲಾಂಛನದಲ್ಲಿ ಗಂಡಭೇರುಂಡ. ತಾಲ್ಲೂಕು ಕಚೇರಿಯಿಂದ ಬರೋ ಕಾಗದದ ಮೇಲೆ ನೀವು ದಿನಾ ನೋಡ್ತೀರಲ್ಲ, ಅದೇ ಎರಡು ತಲೆಯ ಹಕ್ಕಿ. 1971ರಲ್ಲಿ ಪಶ್ಚಿಮದ ನೌಕಾ ತುಕಡಿಯ ಮುಂದಾಳು ಹಡಗೂ ಅದೇ. ಆಗ ನಮ್ಮ ರಾಜ್ಯದ ಹೆಸರೂ ಮೈಸೂರೇ ಇತ್ತು, ಕೋಲಾರವೂ ಅದರೊಳಗೇ.

ಕ್ಯಾಪ್ಟನ್ ಮುಲ್ಲಾ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಓದಿ, ಮತ್ತೆ ಪತ್ರ ಹಾಕಿ ಮೇಷ್ಟ್ರೇ.

– ಸಂ.